ಕೈ ಊರದೆ ಏಳುವುದು

ಜನವರಿ 9

ಪ್ರೀತಿಯ ಕಡ್ಡಿ,

ನಿನ್ನ ಪತ್ರ ಬಂತು. ‘ವ್ಯಾಯಾಮ’ ಎಂದು ಬರೆಯುವಾಗ ದೀರ್ಘ ನುಂಗಿ ‘ವ್ಯಾಯಮ’ ಮಾಡಿದ್ದೀಯ, ಒಂದಲ್ಲ, ನಾಲ್ಕು ಕಡೆ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಜನರಿಗೆ ಅದನ್ನೇ ಮಾಡಿಸಿದವಳು ನೀನು! ಕೆಂಪು ಪೆನ್ನಿನಲ್ಲಿ ತಿದ್ದಿ ಇಟ್ಟಿದ್ದೇನೆ. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಬಿಟ್ಟು ಹತ್ತು ವರ್ಷವಾದರೂ ಈ ಚಾಳಿ ನನ್ನನ್ನು ಬಿಟ್ಟಿಲ್ಲ.

ಫೋನ್ ಯಾಕೆ ಎತ್ತುವುದಿಲ್ಲ ಎಂದು ಕೇಳಿದ್ದೀಯ. ಕಿವಿಯ ಯಂತ್ರಕ್ಕೆ ಫೋನ್ ತಾಗಿಸಿದರೆ ಕುಂಯ್ ಎನ್ನುತ್ತದೆ, ನೀನು ಹೇಳಿದ್ದರಲ್ಲಿ ಅರ್ಧ ಕೇಳಿಸುವುದಿಲ್ಲ. ಅದೂ ಅಲ್ಲದೆ ಇವರ ಮಂಚ ಈಗ ಮುಂದಿನ ಕೋಣೆಯಲ್ಲಿದೆ. ಇವರ ವಿಷಯವನ್ನು ಇವರ ತಲೆದೆಸೆಯಲ್ಲೇ ನಿಂತು ಕಿರುಚಿ ಹೇಳಲು ನನಗೆ ಮನಸ್ಸಾಗುವುದಿಲ್ಲ.

ಲಕ್ವ ಹೊಡೆದು ಮೂರು ತಿಂಗಳಾಯಿತು. ಬಲಗೈ, ಬಲಗಾಲು ಇನ್ನೂ ಹಾಗೆಯೇ ಇವೆ. ಮಾತು ಬರುತ್ತದೆ, ಆದರೆ ಪದಗಳು ಅದಲು ಬದಲು. ನೀರು ಬೇಕಾದರೆ ‘ಬಾಗಿಲು’ ಎನ್ನುತ್ತಾರೆ, ನನ್ನನ್ನು ‘ತಕ್ಕಡಿ’ ಎಂದು ಕರೆಯುತ್ತಾರೆ. ನಲವತ್ತು ವರ್ಷ ಅಂಗಡಿಗಳ ತೂಕದ ಯಂತ್ರ ರಿಪೇರಿ ಮಾಡಿದವರ ಬಾಯಲ್ಲಿ ತಕ್ಕಡಿ ಅನ್ನಿಸಿಕೊಳ್ಳುವುದು ಮರ್ಯಾದೆಯ ಮಾತೇ ಇರಬೇಕು. ದಿನವಿಡೀ ಅವರ ಕರಡು ತಿದ್ದುತ್ತಿರುತ್ತೇನೆ.

ಮೊನ್ನೆ ಆಸ್ಪತ್ರೆಯಿಂದ ಮನೆ ಭೇಟಿಯ ನರ್ಸ್ ಬಂದಿದ್ದರು. ಎಲ್ಲ ನೋಡಿ, ಬರೆದುಕೊಂಡು, ಕೊನೆಗೆ ನನ್ನ ಕಡೆ ತಿರುಗಿದರು.

“ಅಮ್ಮಾ, ಇವ್ರನ್ನ ಎತ್ತಿ ಕೂರಿಸೋದು ಯಾರು?”

“ನಾನೇ. ಇನ್ಯಾರು?”

“ಹಾಗಾದ್ರೆ ನೀವು ಮೊದ್ಲು ಈ ಕುರ್ಚಿಯಿಂದ ಕೈ ಊರದೆ ಎದ್ದು ನಿಲ್ಲಿ, ನೋಡೋಣ.”

ಎದ್ದೆ ಎಂದುಕೊಂಡೆಯಾ? ಕುರ್ಚಿಗೂ ನನಗೂ ಯಾರೋ ಅಂಟು ಹಾಕಿದ್ದರು. ಎರಡು ಸಲ ಮುಂದಕ್ಕೆ ತೂಗಿ, ಮೂರನೇ ಸಲ ಮೇಜು ಹಿಡಿದೆ. ನರ್ಸ್ ಬರೆದುಕೊಂಡರು. ಆಮೇಲೆ ಮೆತ್ತಗೆ ಹೇಳಿದರು. ಏಪ್ರಿಲ್ 12ಕ್ಕೆ ಮತ್ತೆ ಬರುತ್ತಾರಂತೆ. ಆವತ್ತು ನಾನೊಬ್ಬಳೇ ಇವರನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ದಾಟಿಸಿ ತೋರಿಸಬೇಕು. ಅದು ನನ್ನಿಂದಾದರೆ ಇವರು ಮನೆಯಲ್ಲೇ ಇರುತ್ತಾರೆ. ಆಗದಿದ್ದರೆ ಊರಿನ ಆ ತುದಿಯಲ್ಲಿ ಆರೈಕೆಮನೆ ಇದೆ, ಎರಡು ಬಸ್ ಬದಲಾಯಿಸಬೇಕು. ಅಲ್ಲಿ ಹಾಸಿಗೆ ಕಾದಿರಿಸಿದ್ದಾರಂತೆ.

ನಲವತ್ತಾರು ವರ್ಷ ಒಂದೇ ಮನೆಯಲ್ಲಿ ಜಗಳವಾಡಿದ್ದೇವೆ. ಈಗ ಎರಡು ಬಸ್ ಹಿಡಿದು ಹೋಗಿ ಜಗಳವಾಡಲು ನನ್ನಿಂದಾಗದು.

ಅದಕ್ಕೇ ಬಡಾವಣೆಯ ಸಭಾಂಗಣದಲ್ಲಿ ಅರವತ್ತು ದಾಟಿದವರಿಗೆ ನಡೆಸುವ ಕಸರತ್ತಿನ ತರಗತಿಗೆ ಸೇರಿದ್ದೇನೆ. ಹನ್ನೊಂದು ಜನ ಇದ್ದೇವೆ. ಮರಳು ತುಂಬಿದ ಬಾಟಲಿಗಳು, ರಬ್ಬರ್ ಪಟ್ಟಿಗಳು, ಕೈಯಿಲ್ಲದ ಕುರ್ಚಿಗಳು. ಟೀಚರಮ್ಮನ ಕೊರಳಲ್ಲಿ ಸೀಟಿ. ಅರ್ಧ ನಿಮಿಷದಲ್ಲಿ ಎಷ್ಟು ಸಲ ಕೂತು ಏಳುತ್ತೇವೆ ಎಂದು ಎಣಿಸಿದರು. ನಾನು ನಾಲ್ಕು, ಅದೂ ತೊಡೆ ಹಿಡಿದುಕೊಂಡು. ಪಕ್ಕದಲ್ಲಿದ್ದ ನಿವೃತ್ತ ಬಸ್ ಡ್ರೈವರ್, “ಅಕ್ಕೋರೆ, ಗಾಡಿ ಮೊದಲನೇ ಗೇರ್‌ನಲ್ಲೇ ನಿಂತೋಯ್ತಲ್ಲ” ಎಂದ. ಅವನು ಹೊಡೆದದ್ದು ಆರು.

ನೀನು ಬಲ್ಲವಳು, ಏನೇನು ಮಾಡಬೇಕು ಬರೆದು ಕಳಿಸು. ನನ್ನ ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ತೋಳಿಗೆ ಬಾಗಿಲು ತಾಗಿ ಕಪ್ಪುಗಟ್ಟಿದೆ.

ನಿನ್ನ ಅಕ್ಕ

ಜನವರಿ 18

ಅಕ್ಕಾ,

ವ್ಯಾಯಾಮ. ವ್ಯಾಯಾಮ. ವ್ಯಾಯಾಮ. ಸಾಕಾ?

ನಾಲ್ಕು ಸಲ ಎದ್ದದ್ದಕ್ಕೆ ಬೇಜಾರು ಬೇಡ. ನಿನ್ನ ವಯಸ್ಸಿಗೆ ಹನ್ನೊಂದು ಬಂದರೆ ಚೆನ್ನಾಯಿತು ಎನ್ನುತ್ತಿದ್ದೆವು. ಬರುತ್ತದೆ. ಎಂಬತ್ತರವರ ತೊಡೆಯಲ್ಲೂ ಬಲ ಬಂದದ್ದನ್ನು ನಾನು ನೋಡಿದ್ದೇನೆ. ಆದರೆ ಒಂದು ಮಾತು: ವಾರಕ್ಕೆ ಮೂರು ದಿನ ಮಾತ್ರ, ನಡುವೆ ಒಂದು ದಿನ ಬಿಡುವು. ಬಲ ಬರುವುದು ಕಸರತ್ತು ಮಾಡುವಾಗಲ್ಲ, ಆಮೇಲೆ ಸುಮ್ಮನೆ ಕೂತಾಗ. ಸುಮ್ಮನೆ ಕೂರುವುದು ನಿನಗೆ ಹುಟ್ಟಿನಿಂದ ಬಂದಿಲ್ಲ, ಅದೇ ನನ್ನ ಭಯ. ಮೊಟ್ಟೆ, ಬೇಳೆ, ಹಾಲು ದಿನಾ ಇರಲಿ. ಟೀ ಕುಡಿದು ಊಟ ಮುಗಿಸುವ ಚಾಳಿ ಬಿಡು.

ಭಾವನನ್ನು ಏಳಿಸುವಾಗ ಸೊಂಟ ಬಗ್ಗಿಸಬೇಡ, ಮೊಣಕಾಲು ಬಗ್ಗಿಸು. ಅವರ ನಡುವಿಗೆ ಅಗಲ ಪಟ್ಟಿ ಕಟ್ಟಿ ಅದನ್ನು ಹಿಡಿ. ಎಲ್ಲಕ್ಕಿಂತ ಮುಖ್ಯ ಅವರ ಎಡಗಾಲು. ಅದು ನೆಲಕ್ಕೆ ಸರಿಯಾಗಿ ಊರಿರಬೇಕು, ಅವರು ಅದರಿಂದ ನೆಲ ಒತ್ತಬೇಕು. ಎಪ್ಪತ್ತು ಕಿಲೋದ ಮನುಷ್ಯನನ್ನು ಯಾರೂ ಎತ್ತಲಾರರು ಅಕ್ಕಾ. ಏಳುವವರಿಗೆ ಆಸರೆ ಕೊಡಬಹುದು, ಅಷ್ಟೇ.

ಅಕ್ಷರ ಸೊಟ್ಟಾಗುವಷ್ಟು ತೋಳಿಗೆ ಹೊಡೆದ ಬಾಗಿಲು ಯಾವುದು? ಬಿದ್ದೆಯಾ? ಬಿದ್ದಿದ್ದರೆ ಮುಚ್ಚಿಡಬೇಡ.

ನೀನೊಬ್ಬಳೇ ಇದನ್ನೆಲ್ಲ ಮಾಡುತ್ತಿದ್ದೀಯ ಎಂದುಕೊಂಡರೆ ನನಗೆ ಊಟ ಸೇರುವುದಿಲ್ಲ. ನಮ್ಮವರ ಕೊನೆಯ ತಿಂಗಳುಗಳಲ್ಲಿ… ಇರಲಿ, ಆ ಮಾತು ಈಗ ಬೇಡ.

ಕಡ್ಡಿ

ಫೆಬ್ರವರಿ 6

ಪ್ರೀತಿಯ ಕಡ್ಡಿ,

ಎಂಟು! ಕೈ ಎದೆಯ ಮೇಲೆ ಕಟ್ಟಿಕೊಂಡು, ತೊಡೆ ಮುಟ್ಟದೆ, ಎಂಟು. ಡ್ರೈವರ್ ಏಳಕ್ಕೇ ನಿಂತ. ಅವನ ಮುಖ ನೋಡಬೇಕಿತ್ತು ನೀನು.

ಮನೆಯಲ್ಲೂ ಮಾಡುತ್ತೇನೆ. ಮರಳಿನ ಬಾಟಲಿ ನನಗೆ ಏನೇನೂ ಸಾಲದು ಎನಿಸಿತು. ನಾನು ಆರು ವರ್ಷ ಕರಡು ತಿದ್ದಿದ ನಿಘಂಟಿನ ಎರಡು ದಪ್ಪ ಸಂಪುಟ ಇವೆಯಲ್ಲ, ಅವನ್ನು ಬಟ್ಟೆ ಚೀಲಕ್ಕೆ ಹಾಕಿ ಎದೆಗೆ ಅವುಚಿಕೊಂಡು ಕೂತು ಏಳುತ್ತೇನೆ. ಅಷ್ಟು ವರ್ಷ ಕಣ್ಣು ಹಾಳು ಮಾಡಿದ ಪುಸ್ತಕ ಈಗ ಕಾಲಿಗಾದರೂ ಉಪಕಾರಕ್ಕೆ ಬರಲಿ. ಇವರು ಮಂಚದಿಂದಲೇ ಚೀಲ ನೋಡಿ ಎಡಗೈಯ ಐದು ಬೆರಳು ತೋರಿಸಿ, ಆಮೇಲೆ ಒಂದನ್ನು ಅರ್ಧ ಮಡಿಸಿದರು. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ, ನಾಲ್ಕೂವರೆ ಕಿಲೋ. ಬಾಯಿ ತಪ್ಪಿದರೂ ಕಣ್ಣು ತಪ್ಪಿಲ್ಲ!

ನನ್ನ ಲೆಕ್ಕ ಇಡುವವರೂ ಅವರೇ. ನಾನು ಏಳುತ್ತಿದ್ದ ಹಾಗೆ ಮಂಚದ ಕಂಬಿಯ ಮೇಲೆ ಬೆರಳು ತಟ್ಟುತ್ತಾರೆ. ನಾನು ನಿಂತರೂ ಇನ್ನೊಂದು ತಟ್ಟಿ, ಹುಬ್ಬು ಹಾರಿಸಿ, ಇನ್ನೊಂದು ಮಾಡು ಎನ್ನುವ ಹಾಗೆ ಕೆಣಕುತ್ತಾರೆ. ಲಕ್ವ ಹೊಡೆದ ಮೇಲೆ ಅವರು ನಗುವುದು ಈ ಹೊತ್ತಿನಲ್ಲಿ ಮಾತ್ರ. ಆ ನಗು ನೋಡಲಿಕ್ಕೆಂದೇ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮಾಡುತ್ತೇನೆ. ವಾರಕ್ಕೆ ಮೂರೇ ದಿನ ಎಂದರೆ ಏಪ್ರಿಲ್ ಹೊತ್ತಿಗೆ ಏನಾದೀತು? ನಿನ್ನ ಆಸ್ಪತ್ರೆಯ ಲೆಕ್ಕ ಬಿಡುವಿದ್ದವರಿಗೆ.

ಮೊಣಕಾಲು ಸ್ವಲ್ಪ ಊದಿದೆ, ಬಿಸಿನೀರು ಹಾಕಿಕೊಳ್ಳುತ್ತೇನೆ. ಮಾಳಿಗೆ ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದೇನೆ. ಅದೇನೂ ದೊಡ್ಡ ವಿಷಯವಲ್ಲ.

ನಿನ್ನ ಅಕ್ಕ

ಫೆಬ್ರವರಿ 14
(ಅಂಚೆ ಕಾರ್ಡು)

ಅಕ್ಕಾ, ಕಣ್ಣಾಸ್ಪತ್ರೆಯಲ್ಲಿ ಕೂತಿದ್ದೇನೆ, ಕಣ್ಣಿಗೆ ಹನಿ ಹಾಕಿದ್ದಾರೆ, ಸಾಲೇ ಕಾಣುವುದಿಲ್ಲ, ಅದಕ್ಕೇ ನಾಲ್ಕು ಮಾತು. ನಿನ್ನ ಪತ್ರ ಓದಿ ಗಾಬರಿಯಾಯಿತು. ಹಟ ಬೇಡ. ಆ ಭಾರ ನಿನ್ನ ವಯಸ್ಸಿಗೆ ಹೆಚ್ಚಾಯಿತು. ಭಾರ ಇಳಿಸಿಬಿಡು. ಏಪ್ರಿಲ್‌ವರೆಗೆ ಕಾಯಬೇಡ, ಇವತ್ತೇ ಇಳಿಸು. ಇದರಲ್ಲಿ ನಾಚಿಕೆ ಏನೂ ಇಲ್ಲ, ನಾನೂ ಇಳಿಸಿದವಳೇ. ಹಲ್ಲು ಕಚ್ಚಿ ಹೊತ್ತವರು ಕೊನೆಗೆ ತಾವೇ ಹಾಸಿಗೆ ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಭಾವನಿಗೂ ಅದೇ ಒಳ್ಳೆಯದು. ಕಡ್ಡಿ

ಮಾರ್ಚ್ 1

ತಂಗಿಯವರಿಗೆ,

ನಿಮ್ಮ ಕಾರ್ಡು ತಲುಪಿತು. ನಾನು ತರಗತಿಗೆ ಹೋಗಿದ್ದಾಗ ಪಕ್ಕದ ಮನೆಯಾಕೆ ತಂದು ಇವರ ಹಾಸಿಗೆಯ ಮೇಲೆ ಇಟ್ಟು ಹೋಗಿದ್ದರು. ಅಂಥ ಮಾತನ್ನು ತೆರೆದ ಕಾರ್ಡಿನಲ್ಲಿ ಬರೆಯಲು ನಿಮಗೆ ಹೇಗೆ ಮನಸ್ಸು ಬಂತೋ ಕಾಣೆ. ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು, ಯಾಕೆಂದರೆ ಬರೆದದ್ದನ್ನೆಲ್ಲ ಹರಿದು ಹಾಕುತ್ತಿದ್ದೆ.

ನನ್ನ ಗಂಡ ನನಗೆ ಭಾರವಲ್ಲ. ಇಳಿಸಿಬಿಡು, ಇವತ್ತೇ ಇಳಿಸು! ಇವರೇನು ಬಸ್ಸಿನಿಂದ ಇಳಿಸುವ ಮೂಟೆಯೇ? ಭಾವನಿಗೂ ಅದೇ ಒಳ್ಳೆಯದಂತೆ. ನಿಮ್ಮ ಮದುವೆಯ ಓಡಾಟವನ್ನೆಲ್ಲ ಮೈಮೇಲೆ ಹಾಕಿಕೊಂಡು ಮಾಡಿದ್ದು ಈ ಭಾವನೇ ಎನ್ನುವುದು ನೆನಪಿದೆಯೋ ಇಲ್ಲವೋ.

‘ನಾನೂ ಇಳಿಸಿದವಳೇ’ ಎಂದು ಬೇರೆ ಬರೆದಿದ್ದೀಯ. ಏನು ಇಳಿಸಿದೆ ನೀನು? ಕೊನೆಯ ಐದು ತಿಂಗಳು ನಿನ್ನ ಗಂಡ ಆಸ್ಪತ್ರೆಯಲ್ಲಿದ್ದರು, ಎತ್ತಲು ಕೂರಿಸಲು ನರ್ಸುಗಳಿದ್ದರು. ನೀನು ಹಣ್ಣು ಹಿಡಿದುಕೊಂಡು ಹೋಗಿ ನೋಡಿ ಬಂದೆ. ಒಂದು ದಿನ, ಒಂದೇ ಒಂದು ದಿನ ಅವರನ್ನು ಹೊತ್ತಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ಮೂವತ್ತು ವರ್ಷ ಆಸ್ಪತ್ರೆಯಲ್ಲಿದ್ದು ನಿನ್ನ ಮನಸ್ಸೂ ಫಿನಾಯಿಲ್ ಹಾಕಿ ತೊಳೆದ ಹಾಗೆ ಆಗಿದೆ.

ಇಲ್ಲಿ ನನಗೆ ಬೇರೆ ಚಿಂತೆಗಳಿವೆ. ಇವರು ಹತ್ತು ದಿನಗಳಿಂದ ಸರಿಯಾಗಿ ಉಣ್ಣುತ್ತಿಲ್ಲ. ನನ್ನ ಲೆಕ್ಕ ಇಡುವುದನ್ನೂ ಬಿಟ್ಟಿದ್ದಾರೆ, ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಮಾತ್ರೆ ಬದಲಾಯಿಸಿದ್ದಕ್ಕಿರಬೇಕು. ಇನ್ನು ಮುಂದೆ ನಿಮ್ಮ ಸಲಹೆ ಬೇಡ.

ಅಕ್ಕ

ಮಾರ್ಚ್ 9

ಅಕ್ಕಾ,

ನಿಘಂಟು! ನಾನು ಹೇಳಿದ್ದು ನಿಘಂಟಿನ ಚೀಲ! ನಾಲ್ಕೂವರೆ ಕಿಲೋ ಎದೆಗೆ ಅವುಚಿಕೊಂಡು ದಿನಕ್ಕೆ ಎರಡು ಸಲ, ವಾರಕ್ಕೆ ಏಳು ದಿನ, ಅದೂ ಊದಿದ ಮೊಣಕಾಲಿನಲ್ಲಿ. ಅದನ್ನು ಓದಿಯೇ ಆ ಕಾರ್ಡು ಗೀಚಿದ್ದು. ನಮ್ಮ ವ್ಯಾಯಾಮದ ಕೋಣೆಯಲ್ಲಿ ದಿನಕ್ಕೆ ಐವತ್ತು ಸಲ ಆ ಮಾತು ಬರುತ್ತಿತ್ತು: ‘ಭಾರ ಏರಿಸಿ’, ‘ಭಾರ ಇಳಿಸಿ’. ನನ್ನ ಭುಜ ನೋಯಿಸಿಕೊಂಡಾಗ ನಾನೂ ಇಳಿಸಿದ್ದೆ. ಬೇರೆ ಅರ್ಥ ಇದೆ ಎನ್ನುವುದೇ ನನ್ನ ತಲೆಗೆ ಹೊಳೆಯಲಿಲ್ಲ. ಊರಿನವರ ತಪ್ಪೆಲ್ಲ ಹಿಡಿಯುವ ನೀನು ಇದನ್ನು ಹೀಗೆ ಓದಿದೆಯಲ್ಲ!

ನಿನ್ನ ಪತ್ರ ಓದುತ್ತಾ ಮೊದಲು ನಗು ಬಂತು. ‘ಏನು ಇಳಿಸಿದೆ ನೀನು’ ಎಂಬ ಸಾಲಿಗೆ ಬಂದಾಗ ನಗು ನಿಂತುಹೋಯಿತು. ಅಲ್ಲಿಂದ ಮುಂದೆ ಓದಲು ನಾಲ್ಕು ದಿನ ಹಿಡಿಯಿತು.

ನಮ್ಮವರು ಆಸ್ಪತ್ರೆಯಲ್ಲಿ ಇರಲಿಲ್ಲ ಅಕ್ಕಾ. ಹಾಗೆಂದು ನಿಮಗೆಲ್ಲ ಹೇಳಿದ್ದೆ. ಅವರು ಇದ್ದದ್ದು ಆರೈಕೆಮನೆಯಲ್ಲಿ. ಒಂದು ಬೆಳಿಗ್ಗೆ ಬಚ್ಚಲಿನ ಹತ್ತಿರ ಅವರು ನನ್ನ ಕೈಯಿಂದ ಜಾರಿದರು. ಜನ್ಮವಿಡೀ ಬೇರೆಯವರಿಗೆ ಎತ್ತುವುದು ಹೇಗೆ ಎಂದು ಕಲಿಸಿದವಳ ಕೈಯಿಂದ! ಅವರ ಹುಬ್ಬು ಒಡೆದು ರಕ್ತ ಬಂತು. ಮರುವಾರವೇ ನಾನು ಕಾಗದಕ್ಕೆ ಸಹಿ ಹಾಕಿದೆ. ದಿನಾ ಹೋಗುತ್ತಿದ್ದೆ. ಹೋದಾಗಲೆಲ್ಲ ಅವರು ಚಪ್ಪಲಿ ಕೇಳುತ್ತಿದ್ದರು, ಮನೆಗೆ ಹೋಗೋಣ ಎಂದು. ಕೇಳಿ ಕೇಳಿ ಸಾಕಾಗಿ ಒಂದು ಮಂಗಳವಾರ ಹೋಗಲಿಲ್ಲ. ಆವತ್ತೇ ಹೋದರು. ಇದನ್ನು ಯಾರಿಗೂ ಹೇಳಿಲ್ಲ. ನಿನಗೂ ಹೇಳುತ್ತಿರಲಿಲ್ಲ.

ಈಗ ಒಂದು ವಿಷಯ. ಆ ಕಾರ್ಡು ಮೊದಲು ಭಾವನ ಹಾಸಿಗೆಯ ಮೇಲಿತ್ತು ಎಂದು ಬರೆದಿದ್ದೀಯ. ಅವರು ಊಟ ಬಿಟ್ಟದ್ದು, ಗೋಡೆಗೆ ತಿರುಗಿದ್ದು ಅದರ ಮೇಲೆಯೇ ಅಲ್ಲವೇ? ಅವರಿಗೆ ಈಗಲೂ ಓದಲು ಬರುತ್ತದೆಯೇ? ಬರಲಿ ಬಿಡಲಿ, ಚೀಲ ತೋರಿಸಿ ಇವತ್ತೇ ಅವರಿಗೆ ಹೇಳು.

ಕಡ್ಡಿ

ಮಾರ್ಚ್ 20

ನನ್ನ ಕಡ್ಡಿ,

ಏನು ಬರೆಯಲಿ? ನಾಲಿಗೆಯನ್ನಾದರೆ ಕಚ್ಚಿಕೊಳ್ಳಬಹುದು, ಪೆನ್ನನ್ನು ಹೇಗೆ ಕಚ್ಚಿಕೊಳ್ಳುವುದು? ನನ್ನ ಮಾತನ್ನು ಮರೆತುಬಿಡು ಎನ್ನುವ ಮುಖವೂ ನನಗಿಲ್ಲ. ಇಷ್ಟು ಕಾಲ ನೀನೊಬ್ಬಳೇ ಅದನ್ನು ನುಂಗಿಕೊಂಡಿದ್ದೆ, ನಾನು ಇಲ್ಲಿ ಕೂತು ನಿನ್ನ ದೀರ್ಘ ತಿದ್ದುತ್ತಿದ್ದೆ. ನಿನ್ನ ಪತ್ರವನ್ನು ಹಿತ್ತಲಿನ ಕಲ್ಲಿನ ಮೇಲೆ ಕೂತು ಓದಿ ಅತ್ತೆ. ಒಳಗೆ ಅಳುವ ಹಾಗಿಲ್ಲ, ಇವರು ಕೇಳಿಸಿಕೊಳ್ಳುತ್ತಾರೆ.

ಚೀಲದಿಂದ ಒಂದು ಸಂಪುಟ ತೆಗೆದಿದ್ದೇನೆ. ದಿನ ಬಿಟ್ಟು ದಿನ ಮಾಡುತ್ತೇನೆ. ನೀನು ಹೇಳಿದ್ದೇ ಸರಿ, ಊತ ಇಳಿಯಿತು, ನಿನ್ನೆ ಹದಿಮೂರು ಸಲ ಎದ್ದೆ! ಟೀಚರಮ್ಮ ಸೀಟಿ ಊದಿ ಎಲ್ಲರ ಕೈಲಿ ಚಪ್ಪಾಳೆ ಹೊಡೆಸಿದರು.

ಇವರ ವಿಷಯದಲ್ಲಿ ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ. ಇವರಿಗೆ ಈಗ ಓದಲು ಬರುವುದಿಲ್ಲ. ಪತ್ರಿಕೆ ಕೊಟ್ಟರೆ ಒಂದೇ ಪುಟವನ್ನು ಗಂಟೆಗಟ್ಟಲೆ ಹಿಡಿದುಕೊಂಡಿರುತ್ತಾರೆ, ಒಮ್ಮೊಮ್ಮೆ ತಲೆಕೆಳಗು. ಇಲ್ಲದ ಮಾತನ್ನು ನಾನೇ ಎತ್ತಿ ಅವರ ಮನಸ್ಸು ಯಾಕೆ ಕೆಡಿಸಲಿ? ಕೆಲವು ದಿನ ಏಳಿಸುವಾಗ ಹೂವಿನ ಹಾಗೆ ಎದ್ದು ಬರುತ್ತಾರೆ. ಕೆಲವು ದಿನ ಮೈ ಬಿಟ್ಟುಬಿಡುತ್ತಾರೆ, ಆಗ ಕಲ್ಲು. ಮಾತ್ರೆಯ ಮಂಪರು.

ನಿನ್ನ ಅಕ್ಕ

ಮಾರ್ಚ್ 29

ಅಕ್ಕಾ,

ಮಂಪರು ದಿನ ನೋಡಿ ಬರುವುದಿಲ್ಲ. ಒಂದು ದಿನ ಏಳುವ ಕಾಲು ಮರುದಿನ ಏಳುವುದಿಲ್ಲ ಎಂದರೆ ಅದು ಮಾತ್ರೆಯ ಕೆಲಸವಲ್ಲ. ಓದಿ ಹೇಳಲು ಬಾರದವರಿಗೂ ಓದಿದ್ದು ಅರ್ಥವಾಗುತ್ತಿರುತ್ತದೆ. ಅಂಥವರನ್ನು ಎಷ್ಟೋ ನೋಡಿದ್ದೇನೆ. ನಿನ್ನ ಕಾಲಿಗೆ ಬೀಳುತ್ತೇನೆ, 12ರ ಒಳಗೆ ಅವರಿಗೆ ಹೇಳು. ಚೀಲ ಅವರ ತೊಡೆಯ ಮೇಲೆ ಇಟ್ಟು ಹೇಳು.

ಕಡ್ಡಿ

ಏಪ್ರಿಲ್ 14

ಪ್ರೀತಿಯ ಕಡ್ಡಿ,

ನಿನ್ನ ಪತ್ರ ಸರಿಯಾದ ಹೊತ್ತಿಗೇ ಬಂದಿತ್ತು. ಆರನೇ ತಾರೀಖಿಗೇ ಕೈ ಸೇರಿತ್ತು. ಪರೀಕ್ಷೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಆರು ದಿನ ಇತ್ತು ನನ್ನ ಕೈಯಲ್ಲಿ.

ನರ್ಸ್ ಹತ್ತು ಗಂಟೆಗೆ ಬಂದರು. ಮೊದಲು ನನ್ನನ್ನೇ ಕೂರಿಸಿ ಏಳಿಸಿದರು. ಹದಿನಾಲ್ಕು. “ಅಮ್ಮಾ, ನಿಮ್ಮನ್ನ ನಮ್ಮ ಆಸ್ಪತ್ರೆಗೆ ಕೆಲ್ಸಕ್ಕೆ ತಗೋಬೇಕು” ಎಂದು ನಕ್ಕರು. ಆಮೇಲೆ ಇವರ ಸರದಿ. ಪಟ್ಟಿ ಕಟ್ಟಿದೆ. ಎಡಗಾಲನ್ನು ನೆಲಕ್ಕೆ ಊರಿಸಿದೆ. ಮೊಣಕಾಲು ಬಗ್ಗಿಸಿದೆ. ಒಂದು, ಎರಡು, ಮೂರು.

ಇವರು ಕಾಲು ಎತ್ತಿಬಿಟ್ಟರು ಕಣೇ. ಜಾರಲಿಲ್ಲ, ಸೋಲಲಿಲ್ಲ. ಊರಿದ್ದ ಎಡಗಾಲನ್ನು ನೋಡಿ ನೋಡಿ ನೆಲದಿಂದ ಮೇಲಕ್ಕೆ ಎತ್ತಿಕೊಂಡರು. ಎಪ್ಪತ್ತು ಕಿಲೋ ಪೂರಾ ನನ್ನ ತೋಳಿನ ಮೇಲೆ ಬಂತು. ಜೀವನವಿಡೀ ತೂಕದ ಜೊತೆ ಕಳೆದವರು, ಯಾವ ಕಡೆ ವಾಲಿದರೆ ನಾನು ತಡೆಯಲಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನು ಬಿಡಲಿಲ್ಲ. ಮಂಡಿಯೂರಿ ಬಿದ್ದೆ, ಆದರೂ ಬಿಡಲಿಲ್ಲ. ನರ್ಸ್ ಓಡಿ ಬಂದು ಹಿಡಿದರು.

“ಯಾಕೆ? ಯಾಕೆ ಹೀಗೆ ಮಾಡಿದ್ರಿ?” ಎಂದು ಕಿರುಚಿದೆ. ನರ್ಸ್ ಎದುರಿಗೇ ಕಿರುಚಿದೆ.

ಇವರು ನನ್ನ ಮುಖ ನೋಡಿ ಹೇಳಿದರು: “ಭಾರ ಇಳಿಸಿಬಿಡು.”

ಆರು ತಿಂಗಳಲ್ಲಿ ಇವರು ತಪ್ಪಿಲ್ಲದೆ ಆಡಿದ ಮೊದಲ ಮಾತು ಇದು. ತಿದ್ದಲು ಒಂದು ಅಕ್ಷರ ಇರಲಿಲ್ಲ.

ಚೀಲ ತಂದು ತೊಡೆಯ ಮೇಲೆ ಇಟ್ಟೆ. “ಇದು ರೀ, ಇದನ್ನ ಇಳ್ಸು ಅಂತ ಅವಳು ಬರ್ದಿದ್ದು, ನಿಮ್ಮನ್ನಲ್ಲ” ಎಂದು ಹತ್ತು ಸಲ ಹೇಳಿದೆ. ಅವರು ಚೀಲದ ಮೇಲೆ ಕೈಯಿಟ್ಟರು. ಅರ್ಥವಾಯಿತು ಎಂದು ತಲೆಯಾಡಿಸಿದರು. ಆಮೇಲೆ ಅದನ್ನು ಪಕ್ಕಕ್ಕೆ ತಳ್ಳಿ, ನನ್ನ ತೋಳು ಮುಟ್ಟಿ, ಎರಡು ಬೆರಳು ತೋರಿಸಿದರು.

ನಿನ್ನಿಂದ ಮುಚ್ಚಿಟ್ಟದ್ದನ್ನು ಈಗ ಹೇಳುತ್ತೇನೆ. ಜನವರಿಯಲ್ಲಿ ನನ್ನ ತೋಳಿಗೆ ಯಾವ ಬಾಗಿಲೂ ತಾಗಿರಲಿಲ್ಲ. ಬೆಳಿಗ್ಗೆ ಇವರನ್ನು ಏಳಿಸಲು ಹೋಗಿ ಇಬ್ಬರೂ ಬಿದ್ದೆವು. ನಾನು ಕೆಳಗೆ, ಇವರು ಮೇಲೆ. ಇವರಿಗೆ ಹೊರಳಲು ಬಾರದು, ನನಗೆ ಉಸಿರು ಬಾರದು. ಎರಡು ಗಂಟೆಯ ನಂತರ ಹಾಲಿನವನು ಕಿಟಕಿಯಲ್ಲಿ ಇಣುಕಿದ. ಆ ಎರಡು ಗಂಟೆ ನನ್ನ ಉಸಿರು ತಮ್ಮ ಕಿವಿಯ ಹತ್ತಿರವೇ ಸಿಕ್ಕಿಕೊಳ್ಳುವುದನ್ನು ಇವರು ಕೇಳುತ್ತಿದ್ದರು. ನಾನು ಅದನ್ನು ನಿನ್ನಿಂದ ಮುಚ್ಚಿಟ್ಟೆ, ನರ್ಸಿನಿಂದ ಮುಚ್ಚಿಟ್ಟೆ. ಇವರಿಂದ ಮುಚ್ಚಿಡಲು ಆಗುತ್ತಿತ್ತೇ?

ಇನ್ನೊಂದು ಸಲ ಪರೀಕ್ಷೆ ಮಾಡಿ ಎಂದು ನರ್ಸನ್ನು ಬೇಡಿಕೊಂಡೆ. “ಅವ್ರಿಗೇ ಬೇಡ ಅಂದ್ರೆ ನಾನೇನ್ ಮಾಡ್ಲಿ ಅಮ್ಮಾ?” ಎಂದರು. ಆರೈಕೆಮನೆಯ ಕಾಗದಕ್ಕೆ ಇವರು ಎಡಗೈಯಲ್ಲಿ ಸಹಿ ಹಾಕಿದರು. ಹದಿನೆಂಟಕ್ಕೆ ಗಾಡಿ ಬರುತ್ತದೆ.

ನಿನ್ನ ಅಕ್ಕ

ಏಪ್ರಿಲ್ 23

ಅಕ್ಕಾ,

ಹದಿನೆಂಟು ದಾಟಿಹೋಯಿತು. ಮನೆಯಲ್ಲಿ ನೀನೊಬ್ಬಳೇ ಇದ್ದೀಯ. ನನ್ನ ಕೈಯಾರೆ ಬರೆದ ಎರಡು ಪದ ಭಾವನ ಬಾಯಲ್ಲಿ ಬಂತಲ್ಲ! ಇನ್ನೊಂದೇ ಪದ ಸೇರಿಸಿ ‘ಚೀಲದ ಭಾರ’ ಎಂದು ಬರೆದಿದ್ದರೆ ಸಾಕಿತ್ತು. ಆವತ್ತಿನಿಂದ ಪೆನ್ನು ಮುಟ್ಟಲು ಭಯ. ಇಷ್ಟು ಬರೆಯಲು ಮೂರು ಹಾಳೆ ಹರಿದೆ.

ನನ್ನ ಮೇಲೆ ಕೋಪ ಇದ್ದರೆ ಬೈದು ಬರೆ. ಸುಮ್ಮನೆ ಮಾತ್ರ ಇರಬೇಡ. ಅಲ್ಲಿ ಅವರು ಚಪ್ಪಲಿ ಕೇಳುತ್ತಾರೆಯೇ?

ಕಡ್ಡಿ

ಮೇ 6

ಪ್ರೀತಿಯ ಕಡ್ಡಿ,

ಆ ಕಾರ್ಡಿನ ಮಾತು ಇನ್ನು ಸಾಕು. ನೀನು ಬರೆಯದಿದ್ದರೂ ಇವರು ಅದನ್ನೇ ಮಾಡುತ್ತಿದ್ದರು. ತೀರ್ಮಾನ ಜನವರಿಯಲ್ಲೇ ಆಗಿತ್ತು, ಹೇಳಲು ಮಾತು ಇರಲಿಲ್ಲ. ನಿನ್ನ ಕಾರ್ಡಿನಲ್ಲಿ ಸಿಕ್ಕಿತು, ಅಷ್ಟೇ. ಇವರು ಚಪ್ಪಲಿ ಕೇಳುವುದಿಲ್ಲ. ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸುತ್ತದೆ ನನಗೆ.

ಎರಡನೇ ಮಹಡಿಯ ಕೋಣೆ, ನಾಲ್ಕು ಮಂಚ. ಇವರದು ಕಿಟಕಿಯ ಪಕ್ಕದ್ದು. ಕೆಳಗೆ ಟೈರ್ ಅಂಗಡಿ, ಇಡೀ ದಿನ ಗಾಳಿ ತುಂಬುವ ಸದ್ದು. ನೋಡಿಕೊಳ್ಳುವವರು ಇಬ್ಬರು, ಒಬ್ಬ ದಪ್ಪಗೆ, ಒಬ್ಬ ಉದ್ದಕ್ಕೆ. ಒರಟರಲ್ಲ, ಒಳ್ಳೆಯವರೇ. ನಾನು ದಿನಾ ಹನ್ನೊಂದಕ್ಕೆ ಹೋಗಿ ಐದಕ್ಕೆ ಹೊರಡುತ್ತೇನೆ. ಮೊದಲ ವಾರ ಅವರಿಬ್ಬರು ಇವರನ್ನು ಏಳಿಸುವಾಗ ನಾನು ಗೋಡೆಗೆ ಒರಗಿ, ಬೇರೆ ಕಡೆ ನೋಡುತ್ತಾ ನಿಂತಿರುತ್ತಿದ್ದೆ. ಕೈಗೆ ಕೆಲಸ ಇರಲಿಲ್ಲ.

ನಿನ್ನೆ ನೋಡಿದೆ. ದಪ್ಪನವನು ‘ಒಂದು, ಎರಡು, ಮೂರು’ ಎಂದ ಕೂಡಲೇ ಇವರ ಎಡಗಾಲು ನೆಲಕ್ಕೆ ಗಟ್ಟಿಯಾಗಿ ಊರಿತು. ಬೆರಳು ಅಗಲವಾದವು, ಮೀನಖಂಡ ಬಿಗಿಯಿತು. ಒತ್ತಿದರು. ಎದ್ದರು. ಆ ಕಾಲಿನಲ್ಲಿ ಅಷ್ಟು ಬಲ ಇತ್ತು!

ಕೋಪ ಬಂತು ಕಣೇ. ಮದುವೆಯಾದಾಗಿನಿಂದ ಅಂಥ ಕೋಪ ಬಂದಿರಲಿಲ್ಲ.

“ಊರಿನವ್ರಿಗೆಲ್ಲ ಎದ್ದು ನಿಲ್ತೀರಾ, ನನಗೆ ಮಾತ್ರ ಕಾಲು ಎತ್ಕೊಳ್ತೀರಾ?” ಎಂದೆ. ಪಕ್ಕದ ಮಂಚದ ತಾತ ರೇಡಿಯೋ ಆರಿಸಿ ನಮ್ಮ ಕಡೆ ತಿರುಗಿ ಮಲಗಿದರು. “ಕೂರಿಸಿ ಅವ್ರನ್ನ. ಸರೀರಿ ಆ ಕಡೆ. ಈಗ ನಾನು ಏಳಿಸ್ತೀನಿ.”

“ಅಜ್ಜಿ, ಹಾಗೆಲ್ಲ ಮಾಡೋ ಹಾಗಿಲ್ಲ” ಎಂದ ಉದ್ದನೆಯವನು.

“ಹಾಗಿಲ್ಲ ಅಂದ್ರೆ ಹಿಂದೆ ನಿಂತ್ಕೊಂಡು ನೋಡು.”

ಅವರಿಬ್ಬರೂ ನನ್ನ ಹಿಂದೆ ಎರಡು ಕಡೆ ಕೈ ಚಾಚಿ ನಿಂತರು. ನಾನು ಪಟ್ಟಿ ಹಿಡಿದೆ. ಮೊಣಕಾಲು ಬಗ್ಗಿಸಿದೆ. ಇವರು ನನ್ನನ್ನು ನೋಡಿದರು, ನನ್ನ ಹಿಂದೆ ನಿಂತಿದ್ದ ಇಬ್ಬರನ್ನು ನೋಡಿದರು. ಆಮೇಲೆ ಕಾಲು ಊರಿದರು.

ನಿಂತರು. ನನ್ನ ತೋಳಿಗೆ ಭಾರವೇ ಬರಲಿಲ್ಲ. ಇವರ ಗಲ್ಲ ನನ್ನ ತಲೆಗೆ ತಾಗಿತು. ಇವರು ನನಗಿಂತ ಎತ್ತರ ಎನ್ನುವುದೇ ನನಗೆ ಮರೆತುಹೋಗಿತ್ತು ಕಡ್ಡಿ. ಏಳು ತಿಂಗಳಿಂದ ಇವರ ಮುಖವನ್ನು ತಲೆ ಬಗ್ಗಿಸಿಯೇ ನೋಡುತ್ತಿದ್ದೆ. ತಲೆಯೆತ್ತಿ ನೋಡಿದೆ. ಗಲ್ಲದ ಕೆಳಗೆ ಕ್ಷೌರ ಮಾಡುವವನು ಬಿಟ್ಟ ನಾಲ್ಕು ಬಿಳಿ ಕೂದಲು.

“ಮನೆಗೆ ಹೋಗೋಣ ಬನ್ನಿ” ಎಂದೆ. “ನಿಮಗೆ ಬರುತ್ತೆ, ನನಗೂ ಬರುತ್ತೆ. ಇನ್ನೇನು?”

ಇವರು ತುಂಬ ಹೊತ್ತು ಪದ ಹುಡುಕಿದರು. ಬಾಯಿ ತೆರೆಯುವುದು, ಮುಚ್ಚುವುದು. ನಾನು ಮಧ್ಯೆ ಬಾಯಿ ಹಾಕಲಿಲ್ಲ.

“ಇಲ್ಲಿ…” ಎಂದರು. “ಇಲ್ಲಿ ನೀನು… ಬೀಳಲ್ಲ.”

ಎದೆಗೆ ತಲೆ ಇಟ್ಟು ಹಾಗೇ ನಿಂತೆ. ಕೆಳಗೆ ಟೈರಿಗೆ ಗಾಳಿ ತುಂಬುತ್ತಿದ್ದರು. ಎಷ್ಟು ಹೊತ್ತು ನಿಂತಿದ್ದೆವೋ ಗೊತ್ತಿಲ್ಲ. ಕೊನೆಗೆ ಇವರ ಕಾಲು ನಡುಗತೊಡಗಿತು. ನನ್ನದು ನಡುಗಲಿಲ್ಲ. ಯಾರನ್ನೂ ಮುಟ್ಟಗೊಡದೆ ನಾನೇ ನಿಧಾನವಾಗಿ ಇವರನ್ನು ಕೂರಿಸಿದೆ.

ನಿನ್ನ ಅಕ್ಕ